ಮಕ್ಕಳ ಉಸಿರಿನ ಯಂತ್ರ ಮೂಲೆ ಸೇರದಿರಲಿ



ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ದೊಡ್ಡವರ ಕಾಯಿಲೆ ಎಂದೇ ನಮ್ಮ ಕಡೆ ತಿಳಿದಿದ್ದಾರೆ. ಮಕ್ಕಳಿಗೂ ಬರುತ್ತದೆ. ಹೆಚ್ಚಿನವರಿಗೆ ಟಾನ್ಸಿಲ್, ಅಡಿನಾಯ್ಡ್ ತೆಗೆಸಿದರೆ ಹಗುರಾಗುತ್ತದೆ. ಉಳಿದವರಿಗೆ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬೇಕು.

ನಮ್ಮ ಸಂಬಂಧಿಕರ ಹುಡುಗ ಅದರ ಮಾಸ್ಕನ್ನು ನಡುರಾತ್ರಿ ಕಿತ್ತೆಸೆಯುತ್ತಾನೆ. ಪಟ್ಟಿ ಬಿಗಿದರೆ ಮೂಗಿನ ಮೇಲೆ ಕೆಂಪು ಬರೆ, ಸಡಿಲಿಸಿದರೆ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ಕರೆಂಟ್ ಹೋದರಂತೂ ಯಂತ್ರವೇ ಬಂದ್. ಗದರಿಸಿ ಹಾಕಿಸುವುದರಿಂದ ಮಗು ಇನ್ನಷ್ಟು ಹೆದರುತ್ತದೆ, ಅಷ್ಟೇ. ಮೊದಲು ಮಾಸ್ಕ್ ಕೈಗೆ ಕೊಟ್ಟು ಆಡಲು ಬಿಟ್ಟು, ಆಮೇಲೆ ಹಗಲಲ್ಲಿ ಟಿವಿ ನೋಡುವಾಗ ಸ್ವಲ್ಪ ಹೊತ್ತು ಹಾಕಿಸಿ ರೂಢಿ ಮಾಡಿಸಬೇಕು. ಭೀಮಾ ತೀರದ ನಮ್ಮ ಹಳ್ಳಿಗಳಲ್ಲಿ ಇದನ್ನು ಹೇಳಿಕೊಡುವವರು ಯಾರು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹೇಗೂ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಗೊರಕೆ, ಬಾಯಿ ತೆರೆದು ಮಲಗುವುದು, ತರಗತಿಯಲ್ಲಿ ತೂಕಡಿಸುವುದು, ಇವನ್ನೂ ಅವರು ವಿಚಾರಿಸಲಿ. ಯಂತ್ರ ಬಳಸುವ ಮಕ್ಕಳ ಮನೆಗೆ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಕಳಿಸಲಿ. ಮಗು ಬೆಳೆದಂತೆ ಮಾಸ್ಕ್ ಅಳತೆಯೂ ಬದಲಾಗುತ್ತದೆ. ಹೊಸ ಮಾಸ್ಕ್ ಹಾಗೂ ಬ್ಯಾಟರಿ ವಿಜಯಪುರ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕೆಂದು ವಿನಂತಿ.

– ಓದುಗ, ದೇವಣಗಾಂವ