ತಾವರೆಯ ನಂಟರು

ತಾವರೆಯೂ ನೈದಿಲೆಯೂ ಒಂದೇ ಕುಟುಂಬದ ಸಸ್ಯಗಳೆಂದು ಪದವಿ ತರಗತಿಯ ಪರೀಕ್ಷೆಯಲ್ಲಿ ನಾನು ಬರೆದಿದ್ದೆ; ಪೂರ್ಣಾಂಕವೂ ದೊರೆತಿತ್ತು. ಬರೆದುದು ಬೆಂಥಮ್ ಮತ್ತು ಹೂಕರ್ ಮಹಾಶಯರ ಕ್ರಮಕ್ಕೆ ಸರಿಯಾಗಿಯೇ ಇದ್ದಿತು. 1862ರಿಂದ 1883ರವರೆಗೆ ಹೊರಬಂದ ಅವರ ಮಹಾಗ್ರಂಥವು ಇವೆರಡನ್ನೂ ಒಂದೇ ಸೂರಿನಡಿ ಇರಿಸಿತ್ತು. ಅದಕ್ಕೂ ಮೊದಲು, 1753ರಲ್ಲಿ, ಲಿನೇಯಸನು ತಾವರೆಯನ್ನು ನೈದಿಲೆಯ ಜಾತಿಯೊಳಗೇ ಸೇರಿಸಿದ್ದನು. ಕಂಡುದನ್ನು ಕಂಡಂತೆ ಬರೆದ ಆ ಹಿರಿಯರನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೆಸರಿನಲ್ಲಿ ಬೇರು, ನೀರಿನಲ್ಲಿ ಅಗಲವಾದ ಎಲೆ, ಸುತ್ತುಸುತ್ತಾಗಿ ಎಸಳು. ನಂಟನ್ನು ಹೇಳಲು ಇಷ್ಟು ಹೋಲಿಕೆ ಸಾಲದೆ?

ಸಾಲದೆಂದು 1993ರಲ್ಲಿ ತಿಳಿದುಬಂತು. ಮಾರ್ಕ್ ಚೇಸ್ ಮತ್ತು 40ಕ್ಕೂ ಹೆಚ್ಚು ಮಂದಿ ಸಂಗಡಿಗರು ಸುಮಾರು 500 ಬೀಜಸಸ್ಯಗಳ ಒಂದೇ ಒಂದು ಜೀನನ್ನು ಸಾಲಾಗಿಟ್ಟು ಹೋಲಿಸಿ ನೋಡಿದರು. ಗಾಳಿಯ ಇಂಗಾಲವನ್ನು ಹಿಡಿದು ಸಸ್ಯಕ್ಕೆ ಅನ್ನವಾಗಿಸುವ ಕಿಣ್ವದ ಮುಖ್ಯಭಾಗವನ್ನು ರೂಪಿಸುವ ಜೀನು ಅದು. ಹಸುರು ಗಿಡಗಳಿಗೆಲ್ಲ ಸಾಮಾನ್ಯವಾದುದು. ಅದರ ಡಿ.ಎನ್.ಎ. ಅಕ್ಷರಗಳ ಲೆಕ್ಕದಲ್ಲಿ ತಾವರೆ ನೈದಿಲೆಯನ್ನು ಬಿಟ್ಟು ಬಹುದೂರ ಸರಿದು, ಕಾಶ್ಮೀರದ ಚಿನಾರ್ ಮರದ ಪಕ್ಕಕ್ಕೆ ಹೋಗಿ ನಿಂತಿತು! ಅದೇ ಸಾಲಿನಲ್ಲಿ ಸಿಲ್ವರ್ ಓಕ್ ಮರದ ಮನೆತನವೂ ಇದ್ದಿತು. ಆಸ್ಟ್ರೇಲಿಯದಿಂದ ಬಂದು, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಕ್ಕೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವ ಮರವದು. (ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಅಲ್ಲ, ಹೆಸರನ್ನು ನಂಬಿ ಕೆಟ್ಟವರಲ್ಲಿ ನಾವೇ ಮೊದಲಿಗರೇನೂ ಅಲ್ಲ.) 1998ರ ಹೊಸ ವರ್ಗೀಕರಣವು ಈ ಮೂವರನ್ನೂ ಒಂದೇ ಗಣವೆಂದು ಅಂಗೀಕರಿಸಿತು. ನೈದಿಲೆಯೋ, ಒಂದು ಬೇಳೆ ಎರಡು ಬೇಳೆಗಳ ವಂಶಗಳು ಒಡೆಯುವುದಕ್ಕೂ ಮುನ್ನವೇ ಕವಲೊಡೆದ ಅತಿ ಪುರಾತನ ಶಾಖೆಗೆ ಸೇರಿತು.

ಹಾಗಾದರೆ ಆ ಹೋಲಿಕೆ ಎಲ್ಲಿಂದ ಬಂತು? ನೀರಿನಿಂದ. ಒಂದೇ ವಠಾರದಲ್ಲಿ ಬಹುಕಾಲ ಬಾಳಿದವರ ನಡೆನುಡಿಗಳು ಒಂದಾದಾವು, ಅಷ್ಟರಿಂದ ದಾಯಾದಿಗಳಾಗರು. ಸೂಕ್ಷ್ಮವಾಗಿ ನೋಡಿದವರಿಗೆ ಸಂಶಯ ಮೊದಲೇ ಇದ್ದಿತು. ತಾವರೆಯ ಪರಾಗಕಣಕ್ಕೆ ಮೂರು ಸೀಳುಗಳುಂಟು, ನೈದಿಲೆಯದಕ್ಕಿಲ್ಲ. ನೈದಿಲೆಯ ಎಲೆಗೆ ಸೀಳುಂಟು, ತಾವರೆಯದು ತಟ್ಟೆಯಂತೆ ಇಡಿಯಾದುದು. ಡಿ.ಎನ್.ಎ. ಈ ಸಣ್ಣ ಸಾಕ್ಷಿಗಳಿಗೆ ಬಲ ಕೊಟ್ಟಿತೇ ಹೊರತು ಕಣ್ಣನ್ನು ಕುರುಡೆನ್ನಲಿಲ್ಲ.

ನಮ್ಮ ಕವಿಗಳು ಒಂದನ್ನು ಸೂರ್ಯನಿಗೂ ಮತ್ತೊಂದನ್ನು ಚಂದ್ರನಿಗೂ ಒಪ್ಪಿಸಿ ಎಂದೋ ಬೇರ್ಪಡಿಸಿದ್ದರೆಂದು ಹೆಮ್ಮೆಪಡುವವರುಂಟು. ಆ ಹೆಮ್ಮೆ ನನಗೆ ಬೇಡ. ನೀಲನೈದಿಲೆ ಹಾಡುಹಗಲಿನಲ್ಲೇ ಅರಳುತ್ತದೆ. ಕವಿಸಮಯವನ್ನು ವಿಜ್ಞಾನವೆಂದು ಮಾರುವುದು ಎರಡಕ್ಕೂ ಅಪಚಾರ.

ನನ್ನ ಚಿಂತೆ ತರಗತಿಯದು. ಬೆಂಥಮ್-ಹೂಕರರ ಕ್ರಮವನ್ನೇ ಇಂದಿಗೂ ಬಾಯಿಪಾಠ ಮಾಡಿಸಿ, ಕೊನೆಯ ದಿನ ಹೊಸದೊಂದು ಪಟ್ಟಿಯನ್ನು ಅದಕ್ಕೆ ಅಂಟಿಸಿದರೆ ವಿದ್ಯಾರ್ಥಿಗೆ ಎರಡು ಪಟ್ಟಿಗಳು ಸಿಕ್ಕಿದಂತಾಯಿತೇ ಹೊರತು ಒಂದು ಕಾರಣವೂ ಸಿಗಲಿಲ್ಲ. ಹಳೆಯದನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ಹೂವನ್ನು ಬಿಡಿಸಿ ನೋಡದವನಿಗೆ ಜೀನಿನ ಮಾತು ಬರಿಯ ಗುಮಾಸ್ತನ ಲೆಕ್ಕ. ಆದರೆ ಪ್ರಯೋಗಶಾಲೆಯ ಮೇಜಿನ ಮೇಲೆ ಎರಡು ಎಲೆ, ಎರಡು ಪರಾಗದ ಗಾಜುಪಟ್ಟಿ, ಸಿಲ್ವರ್ ಓಕಿನದೊಂದು ಕೊಂಬೆ, ಅವುಗಳ ಪಕ್ಕದಲ್ಲಿ ಜೀನುಗಳ ಅಕ್ಷರಸಾಲು ಮುದ್ರಿಸಿದ ಹಾಳೆ, ಇಷ್ಟನ್ನಿಟ್ಟು, 1753ರಲ್ಲಿದ್ದರೆ ಏನೆನ್ನುತ್ತಿದ್ದೆ, ಈಗ ಏನೆನ್ನುವೆ ಎಂದು ಅಧ್ಯಾಪಕರು ಕೇಳಬಾರದೇಕೆ? ತಾವರೆಗೆ ಬಹು ದೂರ ಹೋಗಬೇಕಾದುದಿಲ್ಲ. ಊರ ಕೆರೆ ಬತ್ತಿರದಿದ್ದರೆ ಸಾಕು.