ಡೇಟಾ ಸಾದಾ ಟೆಕ್ಸ್ಟ್‌ನಲ್ಲೇ ಇರಲಿ

ಮತ್ತೆ ಪ್ರಾಜೆಕ್ಟ್ ಸೀಸನ್ ಬಂತು. ಮಳೆ ಲೆಕ್ಕ, ತೊಗರಿ ಇಳುವರಿ, ಭೀಮಾ ದಂಡೆಯ ಹೊಲಗಳು ಅಂತ ಆಳಂದ, ಅಫಜಲಪುರ, ಜೇವರ್ಗಿ ಕಡೆ ತಿರುಗಾಡಿ ಡೇಟಾ ತರೋರು ನಮ್ಮಲ್ಲಿ ಇದ್ದೇ ಇರ್ತಾರೆ. ತಂದದ್ದು ಎಲ್ಲಿ ಹೋಗ್ತದ? ಯಾರದೋ ಲ್ಯಾಪ್‌ಟಾಪ್‌ನ ಎಕ್ಸೆಲ್ ಫೈಲ್‌ಗೆ. ನಮ್ಮ ವಾದ ಇಷ್ಟೇ: ಮೂಲ ಡೇಟಾ ಸಿಎಸ್‌ವಿಯಂಥ ಸಾದಾ ಟೆಕ್ಸ್ಟ್ ಫೈಲ್‌ನಲ್ಲಿರಲಿ, ಎಕ್ಸೆಲ್ ಬರೀ ನೋಡೋದಕ್ಕೆ, ಚಾರ್ಟ್ ಹಾಕೋದಕ್ಕೆ ಇರಲಿ.

ಸಿಎಸ್‌ವಿ ಅಂದ್ರೆ ದೊಡ್ಡದೇನಲ್ಲ. ಒಂದು ಸಾಲಿಗೆ ಒಂದು ದಾಖಲೆ, ನಡುವೆ ಅಲ್ಪವಿರಾಮ:

ತಾಲ್ಲೂಕು,ಪಿನ್,ಎಸ್‌ಟಿಡಿ
ಆಳಂದ,585302,08477
ಅಫಜಲಪುರ,585301,08470
ಜೇವರ್ಗಿ,585310,08442

ಇದನ್ನು ನೋಟ್‌ಪ್ಯಾಡ್ ತೆರೀತದ, ಪೈಥಾನ್ ಓದ್ತದ, ಗಿಟ್‌ನಲ್ಲಿ ಯಾವ ಸಾಲು ಬದಲಾಯ್ತು ಅಂತ ಕಾಣ್ತದ. ಇಪ್ಪತ್ತು ವರ್ಷ ಬಿಟ್ಟು ತೆರೆದರೂ ಓದಬಹುದು.

ಇದೇ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ನೋಡ್ರಿ. 08477 ಹೋಗಿ 8477 ಆಗ್ತದ. ಪಹಣಿಯ ಸರ್ವೆ ನಂಬರ್ ಕಥೆ ಇನ್ನೂ ಕೆಟ್ಟದ್ದು. 5/2 ಅಂತ ಬರೆದದ್ದು ತಾರೀಖಾಗಿಬಿಡ್ತದ, 145/2 ಮಾತ್ರ ಹಾಗೇ ಉಳೀತದ. ಒಂದೇ ಕಾಲಮ್‌ನಲ್ಲಿ ಅರ್ಧ ಹೊಲ, ಅರ್ಧ ಕ್ಯಾಲೆಂಡರ್! ಹಾಗೇ ಸೇವ್ ಮಾಡಿದರೆ ಮೂಲ ನಂಬರ್ ಹೋಯ್ತು. ಇದು ನಮ್ಮೊಬ್ಬರ ಗೋಳಲ್ಲ. ಎಕ್ಸೆಲ್ ತಾರೀಖು ಅಂದುಕೊಳ್ಳುತ್ತದೆ ಅಂತ ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ವಿಜ್ಞಾನಿಗಳು ಬದಲಿಸಬೇಕಾಯಿತು. 2020ರ ಮಾರ್ಗಸೂಚಿಯಲ್ಲಿ ಅದು ದಾಖಲಾಗಿದೆ. ನಮ್ಮ ಭೂಮಿ ತಂತ್ರಾಂಶ ಸರ್ವೆ ನಂಬರ್, ಹಿಸ್ಸಾಗಳನ್ನು ಬೇರೆ ಬೇರೆ ಕೇಳುತ್ತದೆ. ನಾವೂ ಎರಡು ಕಾಲಮ್ ಮಾಡೋಣ.

ಸಾದಾ ಫೈಲ್ ಅಂದ ಮಾತ್ರಕ್ಕೆ ಶಿಸ್ತು ಬೇಡ ಅಂತಲ್ಲ. 2005ರ ಆರ್‌ಎಫ್‌ಸಿ 4180 ಸಿಎಸ್‌ವಿಯ ರೂಢಿಗಳನ್ನು ಬರೆದಿಟ್ಟಿದೆ. ಅಲ್ಪವಿರಾಮ ಇರುವ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಒಂದೂಕಾಲು ಲಕ್ಷವನ್ನು 1,25,000 ಅಂತ ಬರೆದರೆ ಅದು ಮೂರು ಕಾಲಮ್ ಆಗ್ತದ. 125000 ಅಂತ ಬರೀರಿ. ಕನ್ನಡ ಇದ್ದರೆ ಯುಟಿಎಫ್-8ನಲ್ಲೇ ಸೇವ್ ಮಾಡಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ತಿರುಗಿಸಿ. ಇಲ್ಲದಿದ್ದರೆ ಫಾಂಟ್ ತೆಗೆದ ಕೂಡಲೇ ಆಳಂದ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಉಳೀತಾವ. ಎಕ್ಸೆಲ್‌ನಲ್ಲಿ ನೋಡಲೇಬೇಕಾದರೆ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಯುಟಿಎಫ್-8 ಆರಿಸಿ, ನಂಬರ್‌ನಂತೆ ಕಾಣುವ ಗುರುತುಗಳ ಕಾಲಮ್‌ಗೆ ಟೆಕ್ಸ್ಟ್ ಅಂತ ಕೊಡಿ.

ಹೆಸರಿನ ತಾಪತ್ರಯ ಬೇರೆ ಅದ. ಒಂದು ಫೈಲ್‌ನಲ್ಲಿ ಅಫಜಲಪುರ, ಇನ್ನೊಂದರಲ್ಲಿ ಅಫ್ಜಲ್‌ಪುರ. ನಮಗೆ ಎರಡೂ ಒಂದೇ ಊರು, ಕಂಪ್ಯೂಟರ್‌ಗೆ ಎರಡು. ಎರಡು ಟೇಬಲ್ ಜೋಡಿಸುವಾಗ ಅರ್ಧ ಸಾಲು ಸದ್ದಿಲ್ಲದೆ ಮಾಯ. ಅದಕ್ಕೇ ಹೆಸರಿನ ಪಕ್ಕ ಸರ್ಕಾರಿ ಕೋಡ್ ಇರಲಿ.

ಸಿಎಸ್‌ವಿ ಹೇಳಲಾರದ್ದೂ ಇದೆ. 2011ರ ಜನಗಣತಿಯ ಜೇವರ್ಗಿ ತಾಲ್ಲೂಕಿನಲ್ಲಿ ಯಡ್ರಾಮಿಯೂ ಸೇರಿತ್ತು. ಈಗ ಅದು ಬೇರೆ ತಾಲ್ಲೂಕು. ಎರಡೂ ಕಾಲದ ಜೇವರ್ಗಿಯನ್ನು ಒಂದೇ ಗ್ರಾಫ್‌ಗೆ ಹಾಕಿ ಜನಸಂಖ್ಯೆ ಕುಸಿಯಿತು ಅಂತ ಯಾರಾದರೂ ಬರೆದಾರು. ಆದ್ದರಿಂದ ಪಕ್ಕದಲ್ಲಿ ಒಂದು ರೀಡ್‌ಮಿ ಫೈಲ್ ಬೇಕೇ ಬೇಕು: ಡೇಟಾ ಎಲ್ಲಿಂದ ಬಂತು, ಯಾವ ವರ್ಷದ್ದು, ಪ್ರತಿ ಕಾಲಮ್‌ನ ಅಳತೆ ಎಕರೆಯೋ ಹೆಕ್ಟೇರೋ.

ಬಣ್ಣ, ಫಾರ್ಮುಲಾ, ಹಲವು ಶೀಟ್ ಇವೆಲ್ಲ ಸಿಎಸ್‌ವಿಯಲ್ಲಿ ಇಲ್ಲ, ನಿಜ. ಆದರೆ ಹಳದಿ ಬಣ್ಣ ಅಂದರೆ 'ಅನುಮಾನ' ಅಂತ ಮುಂದಿನ ಬ್ಯಾಚ್‌ಗೆ ಯಾರು ಹೇಳ್ತಾರೆ? ಅದನ್ನೂ ಒಂದು ಕಾಲಮ್‌ನಲ್ಲಿ ಬರೆದುಬಿಡಿ.

ಹೊಲದ ಬದುವಿನ ಮೇಲೆ ಬಿಸಿಲಲ್ಲಿ ನಿಂತು ಮಾಹಿತಿ ಕೊಟ್ಟ ರೈತ ತನ್ನ ಒಂದು ತಾಸು ನಮಗಾಗಿ ಕಳೆದಿರ್ತಾನೆ. ಮುಂದಿನ ಬ್ಯಾಚ್ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳುವಂತೆ ಆಗಬಾರದು. ಈ ಸಲ ರಿಪೋರ್ಟ್ ಜೊತೆಗೆ ಒಂದು ಸಿಎಸ್‌ವಿ, ಒಂದು ರೀಡ್‌ಮಿ ಕೂಡ ಡಿಪಾರ್ಟ್‌ಮೆಂಟ್‌ಗೆ ಕೊಡೋಣ. ಕೊಡುವ ಮುಂಚೆ ರೈತರ ಹೆಸರು, ಫೋನ್ ನಂಬರ್ ಕಾಲಮ್ ತೆಗೆದುಬಿಡೋಣ.