ಅತಿಥಿಗಳಾಗಿಯೇ ಉಳಿದ ಮೇಷ್ಟ್ರುಗಳು

2024ರ ಜನವರಿಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತುಮಕೂರಿನ ಕ್ಯಾತ್ಸಂದ್ರದ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಪಾದಯಾತ್ರೆ ಹೊರಟರು. ಸೇವೆ ಕಾಯಂ ಆಗಬೇಕೆಂಬುದು ಅವರ ಬೇಡಿಕೆ. ಆಗ ರಾಜ್ಯದಲ್ಲಿ ಇಂಥವರು ಹತ್ತು ಸಾವಿರಕ್ಕೂ ಹೆಚ್ಚಿದ್ದರು. ಅವರಲ್ಲಿ ವಾಣಿಜ್ಯ, ಮ್ಯಾನೇಜ್‌ಮೆಂಟ್ ಪಾಠ ಹೇಳುವವರ ಪಾಡು ನನ್ನನ್ನು ಹೆಚ್ಚು ಕಾಡುತ್ತದೆ.

ಅವರು ಕಲಿಸುವ ಪಾಠಗಳಲ್ಲಿ ಹರ್ಜ್‌ಬರ್ಗ್ ಸಿದ್ಧಾಂತವೂ ಒಂದು. ಅಮೆರಿಕದ ಈ ಮನಶ್ಶಾಸ್ತ್ರಜ್ಞ ಪಿಟ್ಸ್‌ಬರ್ಗ್ ಸುತ್ತಮುತ್ತಲ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಹೇಳಿದ್ದಿಷ್ಟು: ಸಂಬಳ, ಭದ್ರತೆ ಸರಿಯಿದ್ದರೆ ಅತೃಪ್ತಿ ಕಳೆಯುತ್ತದೆ, ಹುರುಪು ಹುಟ್ಟುವುದು ಮಾತ್ರ ಕೆಲಸದೊಳಗಿಂದ. ಇದರಲ್ಲಿ ಎರಡನೆಯ ಅರ್ಧವನ್ನಷ್ಟೇ ಹಿಡಿದುಕೊಂಡವರು ನಮ್ಮಲ್ಲಿ ಬಹಳ. ಪಾಠ ಮಾಡುವುದೇ ಸಂತೋಷ, ದುಡ್ಡಿನ ಮಾತೇಕೆ ಎನ್ನುತ್ತಾರೆ. ಕಾಯಕದ ಹೆಸರನ್ನೂ ಇದಕ್ಕೆ ಎಳೆದು ತರುತ್ತಾರೆ. ದುಡಿದವರಿಗೆ ಕೂಲಿ ಕೊಡಬೇಡಿ ಎಂದು ಯಾವ ಶರಣರು ಹೇಳಿದ್ದರು?

ಆ ಸಂತೋಷವೇನೋ ನಿಜ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯಿಂದ ತುಮಕೂರಿನ ಕಾಲೇಜಿಗೆ ಬಸ್ಸು ಹಿಡಿದು ಬರುವ, ಮನೆತನದಲ್ಲೇ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ ಹುಡುಗಿಯ ಬ್ಯಾಲೆನ್ಸ್ ಶೀಟ್ ತಾಳೆಯಾದಾಗ ಮೇಷ್ಟ್ರ ಮುಖವೂ ಅರಳುತ್ತದೆ. ಎಂ.ಕಾಂ. ಓದಿ ನೆಟ್, ಕೆ-ಸೆಟ್ ಪಾಸಾದವರಿಗೆ ಬೆಂಗಳೂರಿನ ಆಡಿಟ್ ಕಚೇರಿಗಳು 70 ಕಿಲೋಮೀಟರ್ ಆಚೆಗೇ ಇವೆ. ಆದರೂ ಕ್ಲಾಸು ಬಿಡದವರಿದ್ದಾರೆ. ಅವರ ಈ ಪ್ರೀತಿಯನ್ನು ಅಗ್ಗದ ದುಡಿಮೆಯಾಗಿ ಬಳಸಿಕೊಳ್ಳುವುದು ಅನ್ಯಾಯ.

2022ರಲ್ಲಿ ಗೌರವಧನ ಹನ್ನೊಂದು, ಹದಿಮೂರು ಸಾವಿರದಿಂದ 26ರಿಂದ 32 ಸಾವಿರಕ್ಕೆ ಏರಿತು. ಜೊತೆಗೇ ವಾರದ ಕಾರ್ಯಭಾರ 15 ಗಂಟೆಯಾಯಿತು. ಇಬ್ಬರ ಪಾಠ ಒಬ್ಬರಿಗೆ ಬಂದು, ಇನ್ನೊಬ್ಬರು ಮನೆಗೆ ಹೋಗಬೇಕಾಯಿತು. ಪಾದಯಾತ್ರೆಯ ಹೊತ್ತಿಗೆ 60 ವರ್ಷ ತುಂಬಿದವರಿಗೆ ಐದು ಲಕ್ಷದ ಇಡುಗಂಟೂ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಪ್ರತಿ ವರ್ಷ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್, ಕಾಯಂ ಅಧ್ಯಾಪಕರು ವರ್ಗವಾಗಿ ಬಂದರೆ ಜಾಗ ಬಿಡಬೇಕೆಂಬ ಭಯ ಹಾಗೇ ಇವೆ. ಮುಂದಿನ ಜೂನ್‌ನಲ್ಲಿ ಎಲ್ಲಿರುತ್ತೇನೆಂದು ತಿಳಿಯದವರು ಸಂಶೋಧನೆಗೆ ಹೇಗೆ ಕೈಹಾಕಿಯಾರು?

ಕಾಯಮಾತಿಗೆ ಕಾನೂನಿನ ತೊಡಕಿದೆ ಎನ್ನುವುದಾದರೆ, ಮೂರು ವರ್ಷದ ನೇಮಕವನ್ನಾದರೂ ಕೊಡಲಿ. ಮೊದಲ ಸೆಮಿಸ್ಟರಿನಲ್ಲಿ ಡೆಬಿಟ್-ಕ್ರೆಡಿಟ್ ಹೇಳಿಕೊಟ್ಟವರೇ ಆರನೆಯದರಲ್ಲಿ ಆ ಮಕ್ಕಳಿಗೆ ಜಿಎಸ್‌ಟಿಯನ್ನೂ ಕಲಿಸಿ ಕಳಿಸಲಿ.